ಬಾಡಿಗೆ ಮನೆಯ ಓಟು

ಬೊಮ್ಮಸಂದ್ರದ ಔಷಧಿ ಕಾರ್ಖಾನೆಗೆ ಸೇರಿ, ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ನನಗೆ ಓಟಿರಲಿಲ್ಲ. ತವರಿನ ಮತದಾರರ ಪಟ್ಟಿಯಿಂದ ಹೆಸರು ಎಂದೋ ಹೋಗಿತ್ತು. ಇಲ್ಲಿ ಸೇರಿಸೋಣವೆಂದರೆ ಓನರಮ್ಮ ಕರೆಂಟ್ ಬಿಲ್ಲಿನ ಜೆರಾಕ್ಸ್ ಕೊಡುತ್ತಿರಲಿಲ್ಲ. ಬಾಡಿಗೆಯವರ ವೋಟರ್ ಕಾರ್ಡಿನಲ್ಲಿ ತಮ್ಮ ವಿಳಾಸ ಬಂದರೆ ಮುಂದೆ ಅವರು ಮನೆಯನ್ನೇ ನುಂಗುತ್ತಾರೆ ಎಂಬ ಭಯ ಈ ಹಳ್ಳಿಯ ಓನರುಗಳಿಗೆಲ್ಲ ಇತ್ತು.

"ಕಾರ್ಡ್ ಬಂದ್ಮೇಲೆ ಮನೆ ನಂದು ಅಂತೀಯ. ಆಮ್ಯಾಕೆ ನಾನೆಲ್ಲಿಗೋಗ್ಲಿ?" ಎನ್ನುತ್ತಿದ್ದರು.

ಎರಡು ಸಲ ಕೇಳಿ ಬಿಟ್ಟೆ. ಪ್ರಜಾಪ್ರಭುತ್ವ ಎನ್ನುವುದು ಸ್ವಂತ ಮನೆಯವರ ಆಟ, ನಮ್ಮಂಥವರಿಗೆ ಅದರಲ್ಲಿ ಸಿಗುವುದು ಒಂದು ದಿನದ ರಜೆ ಎಂದು ತೀರ್ಮಾನಿಸಿ, ಚುನಾವಣೆಯ ದಿನ ಬೆಡ್‌ಶೀಟ್ ಒಗೆಯುತ್ತಿದ್ದೆ. ನೀರಿನ ಟ್ಯಾಂಕರ್ ಬಾರದ ದಿನ ರಾಜಕಾರಣಿಗಳನ್ನು ಬಾಯ್ತುಂಬ ಬೈಯುತ್ತಿದ್ದೆ. ಬೈಯಲು ಕಾರ್ಡ್ ಬೇಕಿರಲಿಲ್ಲ.

ಕಳೆದ ಚುನಾವಣೆಯಲ್ಲಿ ರೇಷ್ಮೆ ಸೀರೆ ಉಟ್ಟು ಮತಗಟ್ಟೆಗೆ ಹೋದ ಓನರಮ್ಮ ಅರ್ಧ ಗಂಟೆಯಲ್ಲೇ ವಾಪಸ್ ಬಂದು ಮೆಟ್ಟಿಲ ಮೇಲೆ ಕುಸಿದರು.

"ನಾನ್ ಸತ್ತೋಗಿದೀನಂತೆ ಕಣಮ್ಮ! ಲಿಸ್ಟ್‌ನಾಗೆ ಹೆಸ್ರೇ ಇಲ್ಲ."

ಅದೇ ಹೆಸರಿನ ಇನ್ನೊಬ್ಬ ಅಜ್ಜಿ ತೀರಿಕೊಂಡಿದ್ದರು. ತೆಗೆದದ್ದು ಇವರ ಹೆಸರನ್ನು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಆ ಎಪ್ಪತ್ತರ ಹೆಂಗಸು ಮಸಿಯಿಲ್ಲದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತದ್ದನ್ನು ನೋಡಿ ನಾಚಿಕೆಯೂ ಆಯಿತು. ಮರುವಾರ ರಜೆ ಹಾಕಿ, ಚುನಾವಣಾ ಕಚೇರಿಗೆ ಕರೆದುಕೊಂಡು ಹೋಗಿ, ಅವರ ಫಾರಂ ನಾನೇ ತುಂಬಿದೆ.

ಹೆಬ್ಬೆಟ್ಟು ಒತ್ತಿದ ಓನರಮ್ಮ ಗುಮಾಸ್ತರಿಗೆ, "ಇನ್ನೊಂದು ಫಾರಂ ಕೊಡಪ್ಪ, ಇವ್ಳಿಗೆ" ಎಂದರು. ಚೀಲದಿಂದ ಕರೆಂಟ್ ಬಿಲ್ಲಿನ ಇನ್ನೊಂದು ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟರು. ಬರುವ ಮುಂಚೆಯೇ ಮಾಡಿಸಿಕೊಂಡಿದ್ದರು!

"ನಾನು ನಿಮ್ಮನೆ ನುಂಗ್ಬಿಟ್ರೆ?" ಎಂದೆ.

"ನುಂಗು, ಅರಗುಸ್ಕೊಳ್ಳೋಕಾದ್ರೆ. ಒಂದಿನ ಲಿಸ್ಟ್‌ನಾಗಿಲ್ಲ ಅನ್ನಿಸ್ಕೊಂಡಿದ್ದಕ್ಕೇ ನಂಗೆ ಅನ್ನ ಇಳೀಲಿಲ್ಲ. ನೀನು ಅನ್ನೊಂದು ವರ್ಷ ಎಂಗಿದ್ಯೇ?"

ಸರ್ಕಾರಗಳ ಮೇಲೆ ನನಗೆ ಇವತ್ತಿಗೂ ಹೇಳಿಕೊಳ್ಳುವಂಥ ನಂಬಿಕೆಯಿಲ್ಲ. ಓನರಮ್ಮನ ಋಣವನ್ನು ಮಾತ್ರ ಈ ಜನ್ಮದಲ್ಲಿ ತೀರಿಸಲಾರೆ. ಆವತ್ತು ಕಣ್ಣು ಮಂಜಾಗಿ, ವಿಳಾಸದ ಜಾಗದಲ್ಲಿ ಹಾವೇರಿ ಕಡೆಯ ನನ್ನ ತವರಿನ ಹೆಸರನ್ನೇ ಗೀಚಿಬಿಟ್ಟೆ. ಗುಮಾಸ್ತರು ಅದನ್ನು ಹರಿದು ಹೊಸ ಫಾರಂ ಕೊಟ್ಟರು.

"ನಿಮ್ಮೂರು ಬರೀರಿ ಮೇಡಂ, ಈಗಿರೋ ಊರು."

ಬರೆದೆ.