ಕಣಜದ ಒಳಗಿನ ಹೆಜ್ಜೆ

ಅರ್ಧದಷ್ಟು ಮೆಟ್ಟಿಲು ಗುಡಿಸುತ್ತ ಹತ್ತಿದ ಸಾಬೀರಾ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಗ್ಗಿ ನೆಲ ನೋಡುತ್ತಾರೆ. ಮುಂಡರಗಿ ಕಡೆಯ ಗುಡ್ಡದ ಮೇಲಿನ ಈ ಪಾಳುಕೋಟೆಗೆ ಆಗಷ್ಟೇ ಬೆಳಕು ಬಿದ್ದಿದೆ. ದಿನಾ ಸಂಜೆ ಹಿಂದಕ್ಕೆ ಹೆಜ್ಜೆಯಿಡುತ್ತ ಗುಡಿಸಿ, ದೂಳನ್ನು ಸಮ ಮಾಡಿ ಇಳಿಯುವುದು ಅವರ ರೂಢಿ. ಮುಂಜಾನೆ ಹತ್ತುವಾಗ ಆ ದೂಳೇ ರಾತ್ರಿಯ ಸುದ್ದಿ ಹೇಳುತ್ತದೆ.

"ಇದು ನರಿ, ಇದು ಆಡು. ಮನಷಾರ ಹೆಜ್ಜಿ ಕಂಡ್ರ ಎದಿ ಝಲ್ ಅಂತೈತ್ರಿ."

ನನ್ನ ಚಪ್ಪಲಿಯ ಗುರುತನ್ನೂ ನೋಡಿಕೊಂಡೇ ಮೇಲೆ ಬಿಟ್ಟರು. "ಬರಿಯೋರು ಅಂತೀರಿ. ಹಿಂದಕ ಫೋಟೊ ತಗಿಯೋರು ಅಂತ ಬಂದವರ ಚೀಲದಾಗ ನೆಲ ಅಗಿಯೋ ಹಾರಿ ಇತ್ತು." ಊರ ಹೆಸರು ಬರೆಯಬಾರದೆಂಬುದು ಅವರ ಷರತ್ತು.

ಕೋಟೆ ಕಟ್ಟಿದವರು ಯಾರೆಂದು ಹೇಳುವ ಶಾಸನವಿಲ್ಲ. ಎರಡು ಸುತ್ತಿನ ಗೋಡೆ, ಹುಡೇವು ಎನ್ನುವ ಒಡೆದ ಬುರುಜು, ಕಲ್ಲಲ್ಲಿ ಕೊರೆದ ಹೊಂಡ, ಒಂದು ಕಣಜ ಉಳಿದಿವೆ. ಭಾನುವಾರ ಗದಗ, ನಾಗಾವಿ ಕಡೆಯಿಂದ ಬಂದವರು ಹುಡೇವು ಹತ್ತಿ ಕಪ್ಪತಗುಡ್ಡ ನೋಡುತ್ತಾರೆ, ಗೋಡೆಗೆ ಹೆಸರು ಗೀಚಿ ಇಳಿಯುತ್ತಾರೆ. ಕತ್ತಲಲ್ಲಿ ಬರುವವರಿಗೆ ಬೇಕಾದದ್ದು ನಿಧಿ. ಈ ವರ್ಷ ಕಣಜದ ಹೊರಗೆ ಆಗಲೇ ಅಗೆದಿದ್ದಾರೆ. ಊರಿನ ಕಣ್ಣು ಸಾಬೀರಾರ ಮೇಲಿದೆ. ಇನ್ನೊಂದು ಗುಂಡಿ ಬಿದ್ದರೆ ಕೆಲಸ ಬಿಡಿಸುತ್ತೇವೆಂದು ಕೋಟೆ ನೋಡಿಕೊಳ್ಳುವ ಇಲಾಖೆಯ ಸಾಹೇಬರು ಹೇಳಿ ಹೋಗಿದ್ದಾರೆ.

"ನೀರಿಗೆ ಹ್ವಾದ್ರ ಕೇಳ್ತಾರ್ರಿ, 'ಬಂಗಾರದ ಹಂಡೆ ಎಲ್ಲಿ ಹುಗದೀಯವಾ?' ಅಂತ. ಹಂಡೆ ಸಿಕ್ಕಿದ್ರ ಈ ಹರಕ ಚಪ್ಪಲಿ ಯಾಕ ಹೊಲಿಸಿ ಹಾಕ್ಕೊತಿದ್ನಿ?"

ಕಣಜದ ಬಾಗಿಲಲ್ಲಿ ಅವರು ಬಗ್ಗಿ ಒಳಗೆ ನೋಡುತ್ತಾರೆ. ಒಳಗೆ ಮೂಲೆಯಲ್ಲಿ ಹೊಸ ಗುಂಡಿ, ಹಸಿ ಮಣ್ಣು. ಅಂಚಿನ ದೂಳಿನಲ್ಲಿ ಒಂದು ಬರಿಗಾಲಿನ ಹೆಜ್ಜೆ. ಪಕ್ಕದಲ್ಲೇ ಕೋಲೂರಿದ ದುಂಡನೆಯ ಗುರುತು, ಅದರ ನಡುವೆ ಮೊಳೆ ಚುಚ್ಚಿದ ಚುಕ್ಕೆ.

ರಾತ್ರಿ ಕಾವಲಿನ ಮಹಬೂಬಸಾಬರು ಬರಿಗಾಲಲ್ಲಿ ಕೋಲೂರುತ್ತ ಬಂದು ಹೊಸ್ತಿಲ ಕಲ್ಲಿನ ಮೇಲೇ ನಿಲ್ಲುತ್ತಾರೆ. ಗಂಡ ತೀರಿಕೊಂಡ ವರ್ಷ ಸಾಬೀರಾರಿಗೆ ಈ ಕೆಲಸ ಕೊಡಿಸಿದವರು ಅವರೇ.

"ರಾತ್ರಿ ಮ್ಯಾಲ ಬಂದಿದ್ರೇನು ಚಾಚಾ?"

"ಇಲ್ಲ ಬೇಟಿ, ಮೊಣಕಾಲ ನೋವು. ಕೆಳಗ ಗೇಟಿನಾಗ ಇದ್ನಿ. ಯಾವ ಹಲ್ಕಟ್ ಬಂದಿದ್ನೋ. ಮಣ್ಣು ಎಳದು ಜಲ್ದಿ ಗುಡಿಸಿಬಿಡು, ಸಾಹೇಬ್ರು ಬರೋದ್ರೊಳಗ."

ಸಾಬೀರಾ ಮುದುಕರ ಮುಖ ನೋಡುವುದಿಲ್ಲ, ಕೋಲಿನ ತುದಿ ನೋಡುತ್ತಾರೆ. ಅಲ್ಲಿ ಮೊಳೆ ಹೊಳೆಯುತ್ತಿದೆ.

"ಆತು, ಚಾಚಾ."

ಮುದುಕರು ಇಳಿದು ಹೋದ ಮೇಲೆ ಪೊರಕೆ ಮತ್ತೆ ಆಡುತ್ತದೆ. ಬಾಗಿಲ ಬಳಿ, ಗೋಡೆಯಂಚಿಗೆ. ಗುಂಡಿಯ ಮಣ್ಣನ್ನು ಮಾತ್ರ ಅವರು ಎಳೆಯುವುದಿಲ್ಲ. ಕಸದ ಬುಟ್ಟಿಯನ್ನು ಖಾಲಿ ಮಾಡಿ, ಆ ಹೆಜ್ಜೆ ಮತ್ತು ಗುರುತು ಅಳಿಯದಂತೆ ಅವುಗಳ ಮೇಲೆ ಮೆಲ್ಲಗೆ ಬೋರಲು ಹಾಕಿ, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಾರೆ.

"ಯಾಕ್ರೀ ಅದು?" ಎಂದು ಕೇಳುತ್ತೇನೆ.

"ಏನಿಲ್ಲ ಬಿಡ್ರಿ," ಎನ್ನುತ್ತ ಸಾಬೀರಾ ಹೊಸ್ತಿಲ ಮೇಲೆ ಕುಳಿತು, ಸಾಹೇಬರು ಬರುವ ದಾರಿಯನ್ನೇ ನೋಡುತ್ತಾರೆ.