ಎದುರುಮನೆ ಅತ್ತೆಯ ರಾಣಿ ಬಣ್ಣದ ಸೀರೆ

ಮೊನ್ನೆ ತಂಗಿಯ ಮಗಳ ಮದುವೆಗೆಂದು ದೊಡ್ಡಬಳ್ಳಾಪುರದಲ್ಲಿ ಸೀರೆ ನೋಡುತ್ತಿದ್ದೆ. ಅಂಗಡಿಯವನು ಹೊಸ ರೇಷ್ಮೆಯ ಮಡಿಕೆ ಬಿಚ್ಚಿದ ಕೂಡಲೇ ಬಂದ ಆ ವಾಸನೆ... ಎದುರುಮನೆ ಅತ್ತೆ ನೆನಪಾದರು.

ಸಂಬಂಧದಲ್ಲಿ ಅತ್ತೆಯಲ್ಲ, ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಪಕ್ಕದ ಬೀದಿಯ ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಅವರು ಮಾತಾಡಿದರೆ ಬೀದಿಗೆಲ್ಲ ಕೇಳುತ್ತಿತ್ತು. ಒಂದು ವರ್ಷ ಹಬ್ಬಕ್ಕೆ, ತಾವೇ ನೇಯ್ದ ರಾಣಿ ಬಣ್ಣದ, ದೊಡ್ಡ ಜರಿಯಂಚಿನ ಸೀರೆಯೊಂದನ್ನು ಮಗ್ಗದ ಯಜಮಾನರಿಂದ ಕೊಂಡರು. ಆಮೇಲೆ ಅದನ್ನು ಉಟ್ಟು ಹೋಗದ ಜಾಗವಿಲ್ಲ. ಹಾಲಿನ ಡೇರಿಗೂ ಅದೇ, ಸಂತೆಗೂ ಅದೇ. ಬೇಕೆಂದೇ ಸೆರಗು ಹರಡಿಕೊಂಡು, ಯಾರಾದರೂ ಚೆನ್ನಾಗಿದೆ ಅನ್ನುವವರೆಗೂ ನಿಂತಿರುತ್ತಿದ್ದರು. ಗಂಡ ಸತ್ತವಳಿಗೆ ಇಷ್ಟೊಂದು ಮೆರೆದಾಟ ಯಾಕೆ ಎಂದು ಜನ ಹಿಂದಿನಿಂದ ನಗುತ್ತಿದ್ದರು. ಆ ಮಂದ ಕಿವಿಗೂ ಅದು ಬಿದ್ದಿತ್ತು.

ಯಜಮಾನರ ಮಗಳ ಮದುವೆಗೆ ಬೀದಿಯವರೆಲ್ಲ ಹೋಗಿದ್ದೆವು. ಅತ್ತೆ ಮುಂದಿನ ಸಾಲಿನಲ್ಲೇ ಕೂತರು. ನೋಡಿದರೆ ಯಜಮಾನರ ಹೆಂಡತಿ ಉಟ್ಟಿದ್ದೂ ಅದೇ ಬಣ್ಣ, ಅದೇ ಅಂಚು. ಬೀಗರ ಕಡೆಯವರು ಇಬ್ಬರನ್ನೂ ತಿರುತಿರುಗಿ ನೋಡಿದರು. ಯಜಮಾನರ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಅತ್ತೆಯ ಮುಂದೆ ಬಂದು ನಿಂತರು.

"ಮನೆಗೋಗಿ ಬೇರೆ ಸೀರೆ ಉಟ್ಕೊಂಡ್ ಬಾ. ಇಲ್ಲಾಂದ್ರೆ ನಾಳೆಯಿಂದ ಮಗ್ಗದ ಕಡೆ ಬರ್ಬೇಡ."

ಅತ್ತೆ ಎದ್ದರು. ಹೋಗಿಯೇಬಿಡುತ್ತಾರೆ ಅಂದುಕೊಂಡೆ. ಅವರು ಸೆರಗನ್ನು ಇನ್ನಷ್ಟು ಬಿಡಿಸಿ ಹಾಕಿಕೊಂಡರು.

"ನೀವು ಉಟ್ಟಿರೋದ್ನೂ ನಾನೇ ನೇಯ್ದಿದ್ದು ಅಮ್ಮಾವ್ರೆ. ಚೆನ್ನಾಗ್ ಕಾಣ್ತೀರ. ನಾನೂ ಚೆನ್ನಾಗೇ ಕಾಣ್ತೀನಿ."

ಛತ್ರಕ್ಕೆಲ್ಲ ಕೇಳಿತು. ಮತ್ತೆ ಅಲ್ಲೇ ಕೂತರು. ಊಟ ಮಾಡಿ, ತಾಂಬೂಲ ತೆಗೆದುಕೊಂಡೇ ಹೊರಟರು.

ಕೆಲಸ ಹೋಯಿತು. ಬೇರೆ ಮಗ್ಗದವರೂ ಸೇರಿಸಿಕೊಳ್ಳಲಿಲ್ಲ. ಸೋಂಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗಿಗೆ ಸೇರಿ, ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಸೊಂಟ ಹಿಡಿದುಕೊಂಡಿತು. ಅವತ್ತು ಸುಮ್ಮನೆ ಸೀರೆ ಬದಲಿಸಿದ್ದರೆ ಆಗುತ್ತಿತ್ತಲ್ಲ ಎಂದು ಒಮ್ಮೆ ಕೇಳಿದೆ.

"ಬದ್ಲಾಯ್ಸಿದ್ರೆ ಆಮೇಲ್ ಅದನ್ನ ಯಾವತ್ತೂ ಉಡಕ್ಕಾಗ್ತಿರ್ಲಿಲ್ಲ ಕಣೆ," ಅಂದರು.

ಅವರು ತೀರಿಹೋಗಿ ಬಹಳ ವರ್ಷಗಳಾದವು... ಹೋದ ತಿಂಗಳು ನೆಂಟರ ಮನೆಯಲ್ಲಿ ಅವರ ಮಾತು ಬಂದಾಗ ಯಾರೋ, "ಭಾರಿ ಶೋಕಿ ಮಾಡ್ತಿದ್ಲು ಅವಳು," ಎಂದರು.

"ಹೌದು, ಮಾಡ್ತಿದ್ರು. ನೋಡಕ್ಕೆ ಎರಡು ಕಣ್ಣು ಸಾಲ್ತಿರ್ಲಿಲ್ಲ," ಅಂದೆ.

ಅದನ್ನು ಕೇಳಿಸಿಕೊಂಡು ಬೀಗಲು ಅತ್ತೆ ಇಲ್ಲವಲ್ಲ, ಅದೊಂದೇ ನನ್ನ ಸಂಕಟ.