ಟೇಪಣ್ಣನ ಪಾಸ್ತಾ ಸಲಾಡಿಗೆ ಆದ ಆಲ್ಟರೇಷನ್

ಟೇಪಣ್ಣನ ಕೊರಳಲ್ಲಿ ಅಳತೆಯ ಟೇಪು ಇಲ್ಲದಿದ್ದುದನ್ನು ಕಂಡವರು ಯಾರೂ ಇಲ್ಲ. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತಾನೆ ಎಂದು ಅವನ ಹೆಂಡತಿ ಸಾಕ್ಷಿ ಹೇಳುವುದುಂಟು. ಆದರೆ ಅದೇ ಹೆಂಡತಿ ಮದುವೆಯ ಫೋಟೋ ತಂದು, ಹೊಸ ಕೋಟಿನ ಕಾಲರಿನ ಕೆಳಗಿಂದ ಹಳದಿ ಟೇಪಿನ ತುದಿ ಇಣುಕುತ್ತಿರುವುದನ್ನೂ ತೋರಿಸುತ್ತಾಳೆ. ಅವನ ನಿಜವಾದ ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ಮರೆತರು. ಕೊನೆಗೆ ಅವನೂ ಮರೆತನೆಂದು ಪ್ರತೀತಿ.

ಔಷಧಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ಗಿರಾಕಿ ಒಳಗೆ ಬಂದು ಒಂದು ಸಲ ಎದೆ ತುಂಬ ಉಸಿರೆಳೆದುಕೊಂಡರೆ ಟೇಪಣ್ಣ ರಸ್ತೆಗಿಳಿದು ನಿಲ್ಲಬೇಕು, ಅಷ್ಟು ವಿಶಾಲ. ಹೊಸ ಬಟ್ಟೆ ಹೊಲಿಯುವುದನ್ನು ಅವನು ಎಂದೋ ಬಿಟ್ಟಿದ್ದ. ಈಗೇನಿದ್ದರೂ ಆಲ್ಟರೇಷನ್: ಸೊಂಟ ಬಿಚ್ಚುವುದು, ಸೊಂಟ ಹಿಡಿಯುವುದು, ಅಂಚು ಮಡಚುವುದು. ಊರಲ್ಲಿ ಯಾರಿಗೆ ಹೊಟ್ಟೆ ಬಂತು, ಯಾರದು ಇಳಿಯಿತು ಎಂಬುದು ಡಾಕ್ಟರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ಈ ಕಸುಬಿನಲ್ಲಿ ಅವನಿಗೊಂದು ಅಭ್ಯಾಸ. ಕೆಲಸಕ್ಕೆ ಕೂತರೆ ಗುಂಡುಪಿನ್ನುಗಳನ್ನೆಲ್ಲ ತುಟಿಯಲ್ಲಿ ಕಚ್ಚಿಕೊಳ್ಳುವನು. ಮುಳ್ಳುಹಂದಿಯನ್ನು ನುಂಗಲು ಹೋಗಿ ಅರ್ಧಕ್ಕೆ ಬಿಟ್ಟವನ ಹಾಗೆ ಕಾಣುವನು. ಆಗ ಏನು ಕೇಳಿದರೂ ಅವನ ಉತ್ತರ ಒಂದೇ: "ಹೂಂ." ಬೇರೆ ಮಾತಾಡಿದರೆ ಪಿನ್ನು ಗಂಟಲಿಗಿಳಿಯುತ್ತದೆ. ಇದನ್ನು ಬೀದಿಯವರು ಬೇಗ ಕಂಡುಕೊಂಡರು, ನೆಂಟರು ಅದಕ್ಕಿಂತ ಬೇಗ. ಟೇಪಣ್ಣನಿಂದ ಏನಾದರೂ ಆಗಬೇಕಿದ್ದರೆ ಪಿನ್ನು ಬಾಯಲ್ಲಿರುವ ಹೊತ್ತು ನೋಡಿ ಬರುವರು. "ನಾಳೆ ಸಂಜೆಯೊಳಗೆ ಆಗುತ್ತಲ್ವಾ?" "ಹೂಂ." "ಸೋಫಾ ಕವರೂ ಇದರ ಜೊತೆಗೇ ಮಾಡ್ಕೊಡ್ತೀಯಲ್ವಾ?" "ಹೂಂ." ಒಮ್ಮೆ ಹೀಗೇ ಹೂಂಗುಟ್ಟಿ, ಅವನು ಒಂದು ಒಂಟೆಯನ್ನು ಸಾಕಲು ಒಪ್ಪಿಕೊಂಡಿದ್ದನೆಂದೂ, ಒಂಟೆಗೇ ಅಂಗಡಿ ಹಿಡಿಸದೆ ವಾಪಸು ಹೋಯಿತೆಂದೂ ಕನ್ನಡಕದ ಅಂಗಡಿಯವನು ಹೇಳುತ್ತಾನೆ.

ಸಲಾಡ್ ಅವನ ಬದುಕಿಗೆ ಬಂದದ್ದೂ ಅಂಗಡಿಯ ಪರದೆಯ ಹಿಂದಿನಿಂದಲೇ. ಹಡಗಿನ ಅಡುಗೆಯವನೊಬ್ಬ ಪ್ಯಾಂಟಿನ ಸೊಂಟ ಬಿಚ್ಚಿಸಲು ಬಂದಿದ್ದ. ಅವನಿಗಿದ್ದದ್ದು ಅದೊಂದೇ ಪ್ಯಾಂಟು. ಅದು ಹೊಲಿಗೆಯಾಗುವ ತನಕ ಪರದೆಯ ಹಿಂದೆ ಒಳಚಡ್ಡಿಯಲ್ಲಿ ನಿಂತು, ಬೇಸರ ಕಳೆಯಲು, ಗ್ರೀಕರ ರೀತಿಯ ಪಾಸ್ತಾ ಸಲಾಡ್ ಮಾಡುವುದು ಹೇಗೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದ. ಪಾಸ್ತಾ ಪೂರ್ತಿ ಮೆತ್ತಗಾಗುವ ಮೊದಲೇ ಇಳಿಸಬೇಕು. ಸೌತೆಕಾಯಿಯ ಬೀಜ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ನೀರು ಬಿಡುತ್ತದೆ. ಈರುಳ್ಳಿ ತಣ್ಣೀರಲ್ಲಿ ನೆನೆದು ಸಿಟ್ಟು ಕಳೆದುಕೊಳ್ಳಬೇಕು. ಎಣ್ಣೆ, ನಿಂಬೆರಸ ಕಲಸಿದ್ದರಲ್ಲಿ ಅರ್ಧವನ್ನು ಮೊದಲು ಹಾಕಿ, ಅರ್ಧವನ್ನು ಬಡಿಸುವ ಮುಂಚೆ ಹಾಕಬೇಕು, ಯಾಕೆಂದರೆ ಪಾಸ್ತಾದಂಥ ಕುಡುಕ ಇನ್ನೊಬ್ಬನಿಲ್ಲ. ಮರುದಿನ ಅವನು ಒಂದು ಡಬ್ಬಿ ಸಲಾಡನ್ನೇ ತಂದುಕೊಟ್ಟು ಹಡಗು ಹತ್ತಿದ. ಟೇಪಣ್ಣ ಹೊಲಿಗೆ ಯಂತ್ರದ ಮುಂದೆ ಕೂತು ಡಬ್ಬಿಯ ತಳ ಕೆರೆಯುವ ತನಕ ತಿಂದ. ಬಿಸಿಲಲ್ಲಿ ಕಾದ ತಗಡಿನಂತಿದ್ದ ಆ ಅಂಗಡಿಯೊಳಗೆ ಸಮುದ್ರದ ಗಾಳಿ ಬಂದು ಬಿಲ್ಲುಗಳೆಲ್ಲ ಹಾರಿಹೋದವಂತೆ.

ಬೇಸಿಗೆ ಶುರುವಾದರೆ ಎರಡೂ ಕಡೆಯ ನೆಂಟರು ಅವನ ಅಕ್ಕನ ಮನೆಯ ತಾರಸಿಯ ಮೇಲೆ ಸೇರುವುದು ವಾಡಿಕೆ. ಒಬ್ಬೊಬ್ಬರು ಒಂದೊಂದು ತಿಂಡಿ ತರಬೇಕು. ಆ ವರ್ಷ ಟೇಪಣ್ಣ ಸಲಾಡ್ ಮಾಡಿಕೊಂಡು ಹೋದ. ಎಲ್ಲರೂ ತಟ್ಟೆ ನೆಕ್ಕಿದರು. ನೆಕ್ಕಿದ ಮೇಲೆ, ಬರುವ ವರ್ಷಕ್ಕೆಂದು ಒಂದೊಂದು ಸಣ್ಣ ತಿದ್ದುಪಡಿ ಹೇಳಿದರು. ಹಸಿ ಈರುಳ್ಳಿ ತಿಂದರೆ ಅಕ್ಕನಿಗೆ ಎದೆಯುರಿ. ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಹಲ್ಲಿಲ್ಲ. ಸೌತೆಕಾಯಿ ಯಾಕೆ ಬೇಕು? ಫೆಟಾ ಎಂಬ ಗ್ರೀಕರ ಉಪ್ಪು ಚೀಸು ಥೇಟು ಗಂಡನ ಕಾಲುಚೀಲದ ವಾಸನೆ ಹೊಡೆಯುತ್ತದೆಂದು ಹೆಂಡತಿ ತೀರ್ಪು ಕೊಟ್ಟಳು. ಹೆಂಡತಿಯ ತಂಗಿಯ ಗಂಡ, ಟೇಪಣ್ಣನ ಷಡ್ಡಕ, ಒಂದು ಕಪ್ಪು ಆಲಿವ್ ಕಾಯಿ ಎತ್ತಿ ಹಿಡಿದು, "ಏನ್ ಭಾವ, ಅಂಗಡಿಯಿಂದ ಕೋಟಿನ ಗುಂಡಿ ಉದುರಿದೆಯಲ್ಲ?" ಎಂದು ತಾರಸಿಯನ್ನೆಲ್ಲ ನಗಿಸಿದ. ಈ ಷಡ್ಡಕ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ಕೂತು ದಿನಕ್ಕೆ ಹತ್ತು ಸಲ ಸತ್ತು ಹುಟ್ಟಿದವನು. ಮಾತಿನ ಮಧ್ಯೆ ಗಾಬರಿಯಾದರೂ ಬಲಗಾಲಲ್ಲಿ ನೆಲವನ್ನು ಒತ್ತಿ ಬ್ರೇಕು ಹಾಕುತ್ತಾನೆ.

ತಿದ್ದುಪಡಿ ಕೇಳಿದರೆ ಟೇಪಣ್ಣ ಇಲ್ಲವೆಂದವನಲ್ಲ. ಒಂದು ವರ್ಷ ಈರುಳ್ಳಿ ಹೋಯಿತು. ಇನ್ನೊಂದು ವರ್ಷ ಗುಂಡಿಗಳು ಹೋದವು. ಆಮೇಲೆ ಚೀಸು, ಸೌತೆಕಾಯಿ, ಯಾರಿಗೋ ಹುಳಿಯೆಂದು ಟೊಮ್ಯಾಟೊ. ಕೋಟನ್ನು ಎಲ್ಲ ಕಡೆಯಿಂದ ಹಿಡಿಯುತ್ತ ಹೋಗಿ ಕೊನೆಗೆ ಕರವಸ್ತ್ರ ಉಳಿದ ಹಾಗೆ, ಕಳೆದ ಬೇಸಿಗೆಯಲ್ಲಿ ಉಳಿದದ್ದು ಬೆಂದ ಪಾಸ್ತಾ ಮತ್ತು ನಿಂಬೆಹಣ್ಣಿನ ವಾಸನೆ. ಅದನ್ನು ತಿಂದು ಷಡ್ಡಕ ಲೊಚಗುಟ್ಟಿದ: "ಮೊದಲಿನ ರುಚಿ ಇಲ್ಲ. ಭಾವನ ಕೈಗುಣ ಹೋಯ್ತು."

ಸೂಜಿ ಹಿಡಿಯುವವನಿಗೆ ಕೈಗುಣ ಹೋಯಿತೆಂದರೆ ಹಾಡುವವನಿಗೆ ಗಂಟಲು ಹೋಯಿತೆಂದ ಹಾಗೆ. ಟೇಪಣ್ಣ ವರ್ಷವಿಡೀ ಆ ಮಾತನ್ನು ಜಗಿದ. ಈ ಬೇಸಿಗೆ ಅಕ್ಕ ಸ್ಕರ್ಟಿನ ಅಂಚು ಬಿಡಿಸಲು ಅಂಗಡಿಗೆ ಬಂದಾಗ ಅವನು ಅವಳ ಕಾಲ ಬಳಿ ಕೂತು ಪಿನ್ನು ಚುಚ್ಚುತ್ತಿದ್ದ.

"ಈ ಸಲ ನೀನೇನೂ ಮಾಡ್ಬೇಡ ಕಣೋ," ಎಂದಳು ಅಕ್ಕ. "ಸಲಾಡ್ ನಿನ್ನ ಷಡ್ಡಕ ತರ್ತಾನಂತೆ, ಅಂಗಡಿಯಿಂದ, ಡಬ್ಬಿಯಲ್ಲಿ. ನೀನು ಕಾಗದದ ತಟ್ಟೆ, ಲೋಟ ತಂದ್ಬಿಡು ಸಾಕು."

"ಹೂಂ," ಎಂದುಬಿಟ್ಟ ಟೇಪಣ್ಣ.

ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಬೀದಿಯ ತಿರುವು ದಾಟಿದ್ದಳು. ತಟ್ಟೆ-ಲೋಟ! ಆ ಕುಟುಂಬದಲ್ಲಿ ತಟ್ಟೆ-ಲೋಟ ತರುವವನೆಂದರೆ ಅಡುಗೆ ಬಾರದವನು, ಕೆಲಸ ಇಲ್ಲದವನು, ಇಲ್ಲವೇ ಯಾರ ಕಡೆಯವನೆಂದು ಯಾರಿಗೂ ನೆನಪಿಲ್ಲದವನು. ಒಮ್ಮೆ ಆ ಪಟ್ಟ ಸಿಕ್ಕಿದರೆ ಸಾಯುವ ತನಕ ಇಳಿಯುವುದಿಲ್ಲ. ಅವನು ಅಂಗಡಿ ಮುಚ್ಚಿ ನೇರವಾಗಿ ಅಕ್ಕನ ಮನೆಗೆ ಹೋದ. ಒಂದು ಗಂಟೆ ಗೋಗರೆದ ಮೇಲೆ ಅಕ್ಕ ಕರಗಿದಳು. ಇದೊಂದು ಸಲ ಮಾಡಲಿ. ಬೋಗುಣಿಯಲ್ಲಿ ಒಂದು ಚಮಚ ಉಳಿದರೂ ಮುಂದಿನ ವರ್ಷದಿಂದ ತಟ್ಟೆ-ಲೋಟವೇ ಗತಿ. ಬಾಗಿಲ ತನಕ ಬಂದವಳು, ಈರುಳ್ಳಿ ಮಾತ್ರ ಹಾಕಬೇಡ ಎಂದು ನೆನಪಿಸಿದಳು.

ಆ ವಾರ ಅಂಗಡಿಗೆ ಬಂದದ್ದು ಪ್ಯಾಂಟುಗಳಲ್ಲ, ತಿದ್ದುಪಡಿಗಳು. ಷಡ್ಡಕ ಎರಡು ಸಲ ಬಂದು ಗುಂಡಿಯ ಹಾಸ್ಯವನ್ನು ಮತ್ತೆ ಮಾಡಿ ಹೋದ. ಹೆಂಡತಿ ಊಟದ ಡಬ್ಬಿ ತಂದವಳು, ಚೀಸು ತಂದರೆ ತಾನು ತವರಿಗೆ ಹೋಗುತ್ತೇನೆಂದಳು. ತವರೆಂದರೆ ಅವಳ ತಾಯಿ, ಅವರು ಇರುವುದು ಇವನ ಮನೆಯಲ್ಲೇ. ಆ ಅತ್ತೆಯೋ ಸೌತೆಕಾಯಿ ಎಂಬ ಪದವನ್ನು ಕೇಳಿದರೇ ವಸಡು ನೋಯುತ್ತದೆ ಎಂದರು. ಟೇಪಣ್ಣ ಪಿನ್ನು ಕಚ್ಚಿಕೊಂಡು ಎಲ್ಲರಿಗೂ ಹೂಂ ಎಂದ. ಹೂಂ ಎಂದಾಗಲೆಲ್ಲ ತಲೆಯೊಳಗೆ ಒಂದು ಬಾಯ್ಲರ್ ಕುದಿಯುತ್ತಿತ್ತು. ಆ ವಾರ ಅವನು ಇಸ್ತ್ರಿಪೆಟ್ಟಿಗೆಗೆ ಕರೆಂಟು ಹಾಕಲೇ ಇಲ್ಲ. ಅಂಗೈಯಿಂದ ಒತ್ತಿದರೆ ಸಾಕಾಗುತ್ತಿತ್ತು.

ತಾರಸಿಯ ಕೂಟದ ದಿನ ಮುಂಜಾನೆ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಕೆಲಸ ಶುರು ಮಾಡಿದ. ಉಪ್ಪು ನೀರಲ್ಲಿ ತಿರುಚು ಪಾಸ್ತಾ ಬೇಯಿಸಿದ, ಹಲ್ಲಿಗೆ ತುಸು ತಡೆ ಸಿಗುವಾಗಲೇ ಇಳಿಸಿ ತಣ್ಣೀರು ಹೊಡೆದ. ಬೆಳ್ಳುಳ್ಳಿ ಜಜ್ಜಿ, ನಿಂಬೆರಸ, ಆಲಿವ್ ಎಣ್ಣೆ ಕಲಸಿ, ಒಣಗಿದ ಒರೆಗಾನೊ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿದ. ಈರುಳ್ಳಿಯನ್ನು ಎಷ್ಟು ತೆಳ್ಳಗೆ ಹೆಚ್ಚಿದನೆಂದರೆ ಅದರ ಮೂಲಕ ಪೇಪರು ಓದಬಹುದಿತ್ತು. ಸೌತೆಕಾಯಿ, ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿ, ಆಲಿವ್, ಚೀಸು, ಎಲ್ಲವೂ ಸಿದ್ಧವಾದವು. ಆದರೆ ಕಲಸಲು ಕೈ ಬಾರದು. ಈರುಳ್ಳಿ ಹಾಕಹೋದರೆ ಅಕ್ಕನ ಎದೆ, ಚೀಸು ಹಾಕಹೋದರೆ ಹೆಂಡತಿಯ ಮೂಗು ಕಣ್ಣಿಗೆ ಕಟ್ಟುತ್ತಿತ್ತು. ಹಾಕದಿದ್ದರೆ ಕೈಗುಣ ಹೋಯಿತೆನ್ನುವ ಷಡ್ಡಕ.

ಹೊಸ ಬಟ್ಟೆ ಹೊಲಿಯುತ್ತಿದ್ದ ಕಾಲದಲ್ಲಿ, ಕೋಟಿನ ಅಳತೆ ಗೊತ್ತಾಗದಿದ್ದರೆ ಟೇಪಣ್ಣ ಕೊನೆಯ ಹೊಲಿಗೆ ಹಾಕುತ್ತಿರಲಿಲ್ಲ; ತುಂಡುಗಳನ್ನು ಬಿಡಿಬಿಡಿಯಾಗಿ ಟ್ರಯಲ್‌ಗೆ ಕೊಡುತ್ತಿದ್ದ. ಇವರೂ ಹಾಗೇ ಸಾಯಲಿ ಎಂದುಕೊಂಡು ಮನೆಯಲ್ಲಿದ್ದ ಬೋಗುಣಿಗಳನ್ನೆಲ್ಲ ಇಳಿಸಿದ. ಅವನು ತಾರಸಿ ಹತ್ತುವಾಗ ಬೋಗುಣಿಗಳ ಗೋಪುರ ನೋಡಿ, ಯಾರೋ ಮನೆ ಬದಲಾಯಿಸುತ್ತಿದ್ದಾರೆಂದು ಕೆಳಗಿನ ಮನೆಯವರು ಬೀಳ್ಕೊಡಲು ಬಂದರಂತೆ.

ಮೇಜಿನ ಮೇಲೆ ನಡುವೆ ಪಾಸ್ತಾ, ಸುತ್ತ ಉಳಿದದ್ದನ್ನೆಲ್ಲ ಬೇರೆಬೇರೆ ಇಟ್ಟು, ಯಾರಿಗೆ ಏನು ಬೇಡವೋ ಅವರು ಅದನ್ನು ಬಿಡಿ ಎಂದು ಹೇಳಿ ಕೈತೊಳೆದುಕೊಂಡ.

ಮೊದಲು ಎದ್ದವಳು ಅಕ್ಕ. ಪಾಸ್ತಾದ ಮೇಲೆ ಚೀಸು ಸುರಿದುಕೊಂಡಳು, ಆಲಿವ್‌ಗಳನ್ನು ಗುಡ್ಡೆ ಹಾಕಿಕೊಂಡಳು. ಷಡ್ಡಕ ಅವಳ ತಟ್ಟೆ ನೋಡಿದ, ಆಲಿವ್ ಬೋಗುಣಿ ನೋಡಿದ. ಅದು ಅರ್ಧಕ್ಕಿಳಿದಿತ್ತು. ತನಗೆ ಬೇಡದ ವಸ್ತುವಾದರೂ ಇನ್ನೊಬ್ಬರು ಖಾಲಿ ಮಾಡುವುದನ್ನು ನೋಡಿಕೊಂಡಿರಲು ಯಾವ ಷಡ್ಡಕನಿಗೆ ಸಾಧ್ಯ? ಬಲಗಾಲು ಒತ್ತಿಕೊಂಡು ಉಳಿದ ಗುಂಡಿಗಳನ್ನೆಲ್ಲ ತನ್ನ ತಟ್ಟೆಗೆ ಬಳಿದ. ಜೊತೆಗೆ ಈರುಳ್ಳಿಯನ್ನೂ. ಅದನ್ನು ಕಂಡ ಅಕ್ಕ ವಾಪಸು ಬಂದು, ಎದೆಯುರಿ ಬಂದರೆ ಬರಲಿ, ತನ್ನ ಪಾಲಿನ ಈರುಳ್ಳಿ ತೆಗೆದುಕೊಂಡಳು. ಹೆಂಡತಿ ಮೂಗು ಹಿಡಿದುಕೊಂಡೇ ಚೀಸಿನ ಬೋಗುಣಿಯನ್ನು ಎಳೆದುಕೊಂಡಳು. ಹಲ್ಲಿಲ್ಲದ ಅತ್ತೆ ಎಲ್ಲ ಬೋಗುಣಿಗಳಿಂದಲೂ ಎರಡೆರಡು ಸಲ ಹಾಕಿಸಿಕೊಂಡು, ತಟ್ಟೆಯನ್ನು ಸೆರಗಿನಡಿ ಇಟ್ಟುಕೊಂಡು ಮೂಲೆಯ ಕುರ್ಚಿ ಹಿಡಿದರು. ಷಡ್ಡಕ ತಂದಿದ್ದ ಅಂಗಡಿಯ ಡಬ್ಬಿಯ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

"ಹಾಂ, ಈಗ ಬಂತು ನೋಡಿ ಮೊದಲಿನ ರುಚಿ," ಎಂದ ಷಡ್ಡಕ, ಬಾಯಿ ತುಂಬ. "ಇಷ್ಟು ವರ್ಷ ಭಾವ ಯಾಕೋ ಜಿಪುಣತನ ಮಾಡ್ತಿದ್ರು."

ಟೇಪಣ್ಣನ ಮೈಯೆಲ್ಲ ಉರಿದುಹೋಯಿತು. ತನಗೂ ಒಂದು ತಟ್ಟೆ ಹಾಕಿಕೊಳ್ಳೋಣವೆಂದು ಮೇಜಿಗೆ ಹೋದರೆ, ಬೋಗುಣಿಗಳು ತೊಳೆದಿಟ್ಟಂತಿದ್ದವು. ಚಮಚ ಹೋಗಲಿ, ಇರುವೆಗೆ ಸಾಕಾಗುವಷ್ಟೂ ಉಳಿದಿರಲಿಲ್ಲ. ಸ್ಥಾನ ಉಳಿಯಿತು, ಹೊಟ್ಟೆಗೆ ಉಳಿಯಲಿಲ್ಲ. ಖಾಲಿ ತಟ್ಟೆ ಹಿಡಿದು ನಿಂತಿದ್ದವನನ್ನು ಅತ್ತೆ ಕಣ್ಸನ್ನೆಯಲ್ಲಿ ಕರೆದರು. ಅವರಿಗೆ ಜಗಿಯಲಾಗದೆ ತಟ್ಟೆ ಮುಕ್ಕಾಲು ಹಾಗೇ ಇತ್ತು. "ಆಸೆಗೆ ಹಾಕಿಸ್ಕೊಂಡೆ ಕಣಪ್ಪ, ವಸಡು ಒಪ್ಪಲ್ಲ ಅಂತು. ಈ ಕಡೆ ಮುಟ್ಟಿಲ್ಲ, ತಿನ್ನು," ಎಂದರು.

ಅವನು ದೊಡ್ಡದೊಂದು ಚಮಚ ಬಾಯಿಗೆ ತುಂಬಿಕೊಂಡ. ತಣ್ಣನೆಯ ಪಾಸ್ತಾ, ಉಪ್ಪು ಚೀಸು, ಕಹಿ ಗುಂಡಿ, ಕುರುಕುರು ಸೌತೆ, ಸಿಟ್ಟಿಳಿದ ಈರುಳ್ಳಿ, ಎಲ್ಲ ಒಟ್ಟಿಗೇ. ಹಡಗಿನವನು ಕೊಟ್ಟ ಡಬ್ಬಿಯ ನಂತರ ಇದೇ ಮೊದಲು. ಸರಿಯಾಗಿ ಅದೇ ಹೊತ್ತಿಗೆ, ಅವನ ಬಾಯಿ ತುಂಬಿರುವುದನ್ನು ನೋಡಿಕೊಂಡು, ಅಕ್ಕ ಹತ್ತಿರ ಬಂದಳು.

"ಮುಂದಿನ ವರ್ಷವೂ ನೀನೇ ಮಾಡು. ಆದ್ರೆ ಇಷ್ಟು ಬೋಗುಣಿ ತೊಳೆಯೋರು ಯಾರು? ಮನೆಯಲ್ಲೇ ಕಲಸ್ಕೊಂಡು ಬಂದ್ಬಿಡು. ಈರುಳ್ಳಿ ಮಾತ್ರ ಬೇಡ, ಆಯ್ತಾ?"

ಬಾಯಿ ತುಂಬಿದವನು ತುಟಿ ತೆರೆಯದೆ ಹೇಳಬಹುದಾದ ಮಾತು ಎರಡಿವೆ. ಟೇಪಣ್ಣ ಹುಟ್ಟಿದಾಗಿನಿಂದ ಒಂದನ್ನೇ ಸವೆಸಿದ್ದ. ಇನ್ನೊಂದು ಪೆಟ್ಟಿಗೆಯಲ್ಲಿ ಹೊಸ ಬಟ್ಟೆಯ ಹಾಗೆ ಮಡಿಕೆ ಕೆಡದೆ ಬಿದ್ದಿತ್ತು.

"ಊಹೂಂ," ಎಂದ.

ತಾರಸಿಯ ಮೇಲೆ ಚಮಚಗಳು ನಿಂತವು. ಷಡ್ಡಕ ಬ್ರೇಕು ಒತ್ತಿದ. ಏನಂದೆ ಎಂದು ಅಕ್ಕ ಮತ್ತೆ ಕೇಳಿದಳು. ಟೇಪಣ್ಣ ಅವಸರವಿಲ್ಲದೆ ಜಗಿಯುತ್ತ ಮತ್ತೊಮ್ಮೆ, ಇನ್ನಷ್ಟು ಉದ್ದವಾಗಿ, ಊಹೂಂ ಎಂದ. ಅಕ್ಕ ಅವನ ಮುಖವನ್ನೇ ನೋಡಿದಳು, ಪಿನ್ನು ಎಲ್ಲಿ ಹೋಯಿತೆಂದು ಹುಡುಕುವವಳ ಹಾಗೆ.

"ಸರಿ ಬಿಡು," ಎಂದಳು ಕೊನೆಗೆ. "ಈರುಳ್ಳಿ ನಾನೇ ತೆಗೆದು ಪಕ್ಕಕ್ಕಿಡ್ತೀನಿ."

ಹಾಗಾದರೆ ಮುಂದಿನ ಬೇಸಿಗೆಗೆ ತಟ್ಟೆ-ಲೋಟ ತರುವವರು ಯಾರು ಎಂಬ ಮಾತು ಬಂತು. ಎಲ್ಲರ ಕಣ್ಣೂ ಆ ಮುಚ್ಚಳ ತೆಗೆಯದ ಡಬ್ಬಿಯ ಕಡೆ, ಅಲ್ಲಿಂದ ಷಡ್ಡಕನ ಕಡೆ ಹೊರಳಿದವು. ಅವನು ಆಗತಾನೇ ಕೊನೆಯ ಗುಂಡಿಯನ್ನು ನುಂಗಿದ್ದ. ಪಾಪ, ಊಹೂಂ ಎನ್ನೋಣವೆಂದರೆ ಬಾಯಿ ಖಾಲಿ ಇತ್ತು, ಆಗಲಿ ಎಂದುಬಿಟ್ಟ.